ಮುಟ್ಟು ಮುಂದೂಡುವ ಮಾತ್ರೆ: ನುಂಗುವ ಮುನ್ನ ಕ್ಯಾಲೆಂಡರ್ ತೆಗೆಯಿರಿ

ಆಷಾಢ ಶುಕ್ರವಾರ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುವ ಹರಕೆ, ಮೇಲುಕೋಟೆಯ ವೈರಮುಡಿ, ಇಲ್ಲವೇ ಮನೆಯಲ್ಲೇ ಮದುವೆ. ಅದೇ ವಾರ ಡೇಟ್ ಇದ್ದರೆ 'ಮೆಡಿಕಲ್‌ನಲ್ಲಿ ಮಾತ್ರೆ ಸಿಗುತ್ತೆ, ತಗೊಂಡ್‌ಬಿಡು' ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಮುಟ್ಟಾದಾಗ ಗುಡಿಗೆ ಹೋಗಬಹುದೋ ಬೇಡವೋ, ಅದು ಅವರವರ ಮನೆಯ ವಿಚಾರ. ಇಲ್ಲಿ ಹೇಳುವುದು ಮಾತ್ರೆಯ ವಿಚಾರ ಮಾತ್ರ.

ಸಾಮಾನ್ಯವಾಗಿ ಬರೆದುಕೊಡುವುದು ನಾರೆಥಿಸ್ಟೆರಾನ್ 5 ಮಿ.ಗ್ರಾಂ. ಇದು ಪ್ರೊಜೆಸ್ಟಿನ್, ಅಂದರೆ ದೇಹದ ಪ್ರೊಜೆಸ್ಟೆರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಔಷಧಿ. ಪ್ರತಿ ತಿಂಗಳು ಪ್ರೊಜೆಸ್ಟೆರಾನ್ ಇಳಿದಾಗ ಗರ್ಭಕೋಶದ ಒಳಪದರ ಕಳಚಿ ಮುಟ್ಟಾಗುತ್ತದೆ. ಮಾತ್ರೆ ಆ ಕೊರತೆ ತುಂಬಿ ಒಳಪದರ ಕಳಚದಂತೆ ತಡೆಯುತ್ತದೆ. ತೂಬು ಮುಚ್ಚಿ ನೀರು ನಿಲ್ಲಿಸಿದ ಹಾಗೆ. ಮಾತ್ರೆ ಬಿಟ್ಟ ದಿನ ತೂಬು ತೆರೆಯಿತು.

ಮೊದಲು ಡಾಕ್ಟರು

ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇರುವುದು ಸುಮ್ಮನೆ ಅಲ್ಲ; ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ. ಕಾಲಿನಲ್ಲೋ ಶ್ವಾಸಕೋಶದಲ್ಲೋ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರು, ಲಿವರ್ ಕಾಯಿಲೆ ಇರುವವರು, ಸ್ತನ ಕ್ಯಾನ್ಸರ್ ಆದವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು, ಬಸುರಿಯರು ಇದನ್ನು ಮುಟ್ಟಬಾರದು. ಕಣ್ಣ ಮುಂದೆ ಮಿಂಚು ಹೊಡೆದು ಬರುವ ಅರೆತಲೆನೋವು ಇದ್ದರೆ ಬಾಯಿಬಿಟ್ಟು ಹೇಳಿ. ನಾರೆಥಿಸ್ಟೆರಾನಿನ ಒಂದಂಶ ದೇಹದೊಳಗೆ ಈಸ್ಟ್ರೊಜೆನ್ ಆಗಿ ಬದಲಾಗುತ್ತದೆ. ದಿನಕ್ಕೆ ಮೂರು ಮಾತ್ರೆ, ಅಂದರೆ 15 ಮಿ.ಗ್ರಾಂ ನುಂಗಿದಾಗ ಈ ಈಸ್ಟ್ರೊಜೆನ್ ಪ್ರಮಾಣ ಸಾಮಾನ್ಯ ಗರ್ಭನಿರೋಧಕ ಗುಳಿಗೆಯಲ್ಲಿ ಇರುವಷ್ಟರ ಸಮೀಪಕ್ಕೆ ಬರುತ್ತದೆ. ಹೆಪ್ಪುಗಟ್ಟುವ ಭಯ ಇರುವುದು ಇಲ್ಲೇ. ಹೆಪ್ಪುಗಟ್ಟುವ ಅಪಾಯ ಇರುವವರಿಗೆ ಡಾಕ್ಟರು ಬೇರೆ ಪ್ರೊಜೆಸ್ಟಿನ್ ಯೋಚಿಸಬಹುದು, ಬೇಡವೆಂದೂ ಹೇಳಬಹುದು.

ಕ್ಷಯಕ್ಕೆ ರಿಫಾಂಪಿಸಿನ್, ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಝೆಪಿನ್ ನುಂಗುತ್ತಿದ್ದರೆ ಇದರ ಬಲ ಕುಂದುತ್ತದೆ.

ದಿನದ ಲೆಕ್ಕ

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಹಿಂದಿನ ಮೂರು ಮುಟ್ಟುಗಳ ನಡುವಿನ ಅಂತರ 28, 27, 30 ದಿನ ಇತ್ತೆಂದುಕೊಳ್ಳಿ. ಕಡಿಮೆ ಇರುವ 27 ಹಿಡಿಯಿರಿ. ಹೋದ ತಿಂಗಳು 22ಕ್ಕೆ ಆಗಿದ್ದು, ಅದು 31 ದಿನದ ತಿಂಗಳಾದರೆ ಈ ಸಲ ಬರುವುದು 18ಕ್ಕೆ. ಮಾತ್ರೆ ಅದಕ್ಕೆ ಮೂರು ದಿನ ಮೊದಲೇ, 15ಕ್ಕೆ ಶುರುವಾಗಬೇಕು. ಧಾರೆ 20ಕ್ಕಿದ್ದರೆ ಆ ರಾತ್ರಿ ಕೊನೆಯದು. ಒಟ್ಟು ಆರು ದಿನ, ದಿನಕ್ಕೆ ಮೂರರಂತೆ 18 ಮಾತ್ರೆ. 22 ಅಥವಾ 23ಕ್ಕೆ ಮುಟ್ಟು ಬರುತ್ತದೆ.

ಹಿಂದಿನ ರಾತ್ರಿ ನೆನಪಾಗಿ ನುಂಗಿದರೆ ಕೆಲಸ ಮಾಡುವ ಭರವಸೆ ಇಲ್ಲ. ಸ್ರಾವ ಶುರುವಾದ ಮೇಲಂತೂ ಡೇಟ್ ಮುಂದೆ ಹೋಗುವುದಿಲ್ಲ. ಪಿಸಿಒಡಿ (ಅಂಡಾಶಯದ ಹಾರ್ಮೋನ್ ಏರುಪೇರು) ಇದ್ದು 40 ದಿನಕ್ಕೋ 50 ದಿನಕ್ಕೋ ಆಗುವವರಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ಹಾಗೆಂದು ಡಾಕ್ಟರಿಗೆ ತಿಳಿಸಿ.

ನುಂಗುವ ಹೊತ್ತು

ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಮದುವೆ ಮನೆಯ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಮಧ್ಯಾಹ್ನದ್ದು, ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ತಪ್ಪಿದರೆ ನೆನಪಾದ ಕೂಡಲೇ ಒಂದು ನುಂಗಿ, ಮುಂದಿನದನ್ನು ಅದರ ಹೊತ್ತಿಗೇ ನುಂಗಿ. ಎರಡೆರಡು ಒಟ್ಟಿಗೆ ಬೇಡ. ಹೊತ್ತು ತಪ್ಪಿದಷ್ಟೂ ಮಧ್ಯೆ ರಕ್ತದ ಕಲೆ ಕಾಣುವ ಸಾಧ್ಯತೆ ಹೆಚ್ಚು. ಹೊಟ್ಟೆ ತೊಳಸಿದರೆ ಏನಾದರೂ ತಿಂದ ಮೇಲೆ ನುಂಗಿ. ದಿನಕ್ಕೊಂದೇ ನುಂಗುವ, ನಿಧಾನವಾಗಿ ಕರಗುವ ಮಾತ್ರೆಯೂ ಸಿಗುತ್ತದೆ. ಅದನ್ನು ಮುರಿಯಬಾರದು, ಅಗಿಯಲೂಬಾರದು.

ಎದೆ ಬಿಗಿತ, ಹೊಟ್ಟೆ ಉಬ್ಬರ, ತಲೆನೋವು, ಕಾರಣವಿಲ್ಲದ ಸಿಡಿಮಿಡಿ ಕೆಲವರಿಗೆ ಆಗುತ್ತದೆ, ಬಿಟ್ಟ ಮೇಲೆ ಹೋಗುತ್ತದೆ. ಆದರೆ ಒಂದೇ ಕಾಲಿನ ಮೀನಖಂಡ ಊದಿ ನೋವು, ಉಸಿರು ಕಟ್ಟುವುದು, ಎದೆನೋವು, ದೃಷ್ಟಿ ಮಂಜಾಗುವುದು, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಮಾತ್ರೆ ನಿಲ್ಲಿಸಿ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಿ: ಮೈಸೂರಿನವರು ಕೆ.ಆರ್. ಆಸ್ಪತ್ರೆ, ಮಂಡ್ಯದವರು ಮಿಮ್ಸ್, ಇಲ್ಲವೇ 108. ಬೆಳಗಾಗಲಿ ಎಂದು ಕಾಯಬೇಡಿ. ತಿರುಪತಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಹೋಗುವವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು, ಬಸ್ ನಿಂತಾಗಲೆಲ್ಲ ಇಳಿದು ನಡೆಯಿರಿ, ನೀರು ಕುಡಿಯಿರಿ.

ಹೀಗೆ ನುಂಗುವ ಮಾತ್ರೆಯನ್ನು ಗರ್ಭನಿರೋಧಕ ಎಂದು ನಂಬಬೇಡಿ. ಹೊಸದಾಗಿ ಮದುವೆಯಾದವರು ಇಲ್ಲೇ ಮೋಸ ಹೋಗುವುದು. ಅದಕ್ಕೆ ಬೇರೆ ಪ್ರೊಜೆಸ್ಟಿನ್‌ಗಳಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ 'ಅಂತರಾ' ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಅದರಲ್ಲಿ ಮುಟ್ಟು ಏರುಪೇರಾಗುವುದು, ನಿಂತೇ ಹೋಗುವುದೂ ಉಂಟು. ಬಿಟ್ಟ ಮೇಲೆ ಬಸಿರಾಗಲು ತಿಂಗಳುಗಟ್ಟಲೆ ಹಿಡಿಯಬಹುದು. ಅತಿಯಾದ ಸ್ರಾವ ನಿಲ್ಲಿಸಲೂ ನಾರೆಥಿಸ್ಟೆರಾನನ್ನೇ ಹತ್ತು ದಿನದ ಮಟ್ಟಿಗೆ ಕೊಡುವುದುಂಟು. ನಲವತ್ತು ದಾಟಿದವರು ಸ್ರಾವದ ಕಾರಣ ಪರೀಕ್ಷೆ ಮಾಡಿಸದೆ ಅದೇ ಚೀಟಿ ತೋರಿಸಿ ಮತ್ತೆ ಮತ್ತೆ ತರುವುದು ನಿಜಕ್ಕೂ ಅಪಾಯ. ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯೂ ಇಂಥ ಸ್ರಾವವೇ ಆಗಿರಬಹುದು.

ಮಾತ್ರೆ ಬಿಟ್ಟ ಮೇಲೆ ಬರುವ ಮುಟ್ಟು ಸ್ವಲ್ಪ ಜೋರಾಗಿಯೇ ಇರಬಹುದು. ವಾರವಾದರೂ ಬಾರದಿದ್ದರೆ ಮೂತ್ರದಲ್ಲಿ ಬಸಿರಿನ ಪರೀಕ್ಷೆ ಮಾಡಿಕೊಳ್ಳಿ. ಹತ್ತರ ಎರಡು ಸ್ಟ್ರಿಪ್ ತಂದಿದ್ದರೆ ಎರಡು ಮಾತ್ರೆ ಉಳಿದಿರುತ್ತವೆ. ಅವನ್ನು ನಾದಿನಿಗೆಂದು ಎತ್ತಿಡಬೇಡಿ.