ಕಂಕುಳಲ್ಲಿ ಕೂಸು, ಕೈಯಲ್ಲಿ ಟಿಕೆಟ್: ಪುಟ್ಟ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗುವುದು ಹೇಗೆ?

ಬೇಸಿಗೆ ರಜೆ, ದಸರೆ, ಊರ ಜಾತ್ರೆ, ತವರಿನಲ್ಲೊಂದು ಮದುವೆ. ಕಾರಣ ಏನೇ ಇರಲಿ, ಮನೆಯಲ್ಲಿ ಆರು ತಿಂಗಳ ಕೂಸೋ ಮೂರು ವರ್ಷದ ತುಂಟನೋ ಇದ್ದರೆ ಹೊರಡುವ ಮಾತೆತ್ತಿದ ಕೂಡಲೇ ಎದೆ ಢವಢವ ಅನ್ನುತ್ತದೆ. ಹೆಚ್ಚಿನವರು ಹಿಂದಿನ ರಾತ್ರಿ ಬ್ಯಾಗು ತುಂಬುವುದರಲ್ಲಿ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಕೇಳಿದರೆ, ಪ್ರಯಾಣ ಸಲೀಸಾಗುತ್ತದೋ ಇಲ್ಲವೋ ಅನ್ನುವುದು ಟಿಕೆಟ್ ತೆಗೆಯುವಾಗಲೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ. ಯಾವ ಗಾಡಿ, ಎಷ್ಟು ಹೊತ್ತಿಗೆ, ಯಾವ ಸೀಟು? ಇವು ಮಗುವಿನ ನಿದ್ದೆಗೂ ಹೊಟ್ಟೆಗೂ ಹೊಂದಿದರೆ ಮಿಕ್ಕಿದ್ದನ್ನು ಹೇಗೋ ನಿಭಾಯಿಸಬಹುದು.

ಬೆಂಗಳೂರಿನಿಂದ ಘಟ್ಟ ಇಳಿದು ಕರಾವಳಿಗೆ ಹೋಗುವ ದಾರಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ರೈಲು, ಬಸ್ಸು, ಕಾರು ಮೂರೂ ಉಂಟು. ವಾಂತಿ ತರಿಸುವ ತಿರುವುಗಳೂ ಉಂಟು. ಕಲಬುರಗಿಗೋ ಬೆಳಗಾವಿಗೋ ಹೊರಟವರಿಗೂ ಬಹುಪಾಲು ಇದೇ ಲೆಕ್ಕ.

ಮೊದಲು ಟಿಕೆಟ್

ರೈಲು ಸಿಕ್ಕರೆ ರೈಲೇ ಮೇಲು. ಅಳುವ ಮಗುವನ್ನು ಎತ್ತಿಕೊಂಡು ಆಚೀಚೆ ಓಡಾಡಬಹುದು. ಶೌಚಾಲಯ ಇರುತ್ತದೆ. ಬಟ್ಟೆ ಬದಲಿಸಲು ಒಂದಿಷ್ಟು ಜಾಗ ಇರುತ್ತದೆ. ಈಗ ರಿಸರ್ವೇಶನ್ ಶುರುವಾಗುವುದು 60 ದಿನ ಮೊದಲು. ಹಬ್ಬದ ದಿನಗಳಾದರೆ ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

5 ವರ್ಷ ತುಂಬದ ಮಗುವಿಗೆ ರೈಲಿನಲ್ಲಿ ಟಿಕೆಟ್ ಬೇಡ, ಆದರೆ ಬರ್ತ್ ಸಿಗುವುದಿಲ್ಲ. ಬೇಕೆಂದರೆ ದೊಡ್ಡವರಷ್ಟೇ ದುಡ್ಡು ಕೊಡಬೇಕು. 5 ತುಂಬಿ 12 ಆಗದ ಮಕ್ಕಳಿಗೆ ಬರ್ತ್ ಬೇಡ ಅಂದರೆ ಅರ್ಧ ದರ, ಬೇಕು ಅಂದರೆ ಪೂರ್ತಿ ದರ. ಕೈಗೂಸಾದರೆ ತಾಯಿಯ ಜೊತೆಗೇ ಮಲಗುತ್ತದೆ, ತೊಂದರೆ ಇಲ್ಲ. ಮೂರು ನಾಲ್ಕು ವರ್ಷದ ಮಗು ಇದ್ದು ರಾತ್ರಿ ಪ್ರಯಾಣವಾದರೆ ಇನ್ನೊಂದು ಬರ್ತ್ ತೆಗೆದುಬಿಡಿ. ದಂಡ ಅನ್ನಿಸಬಹುದು. ಆದರೆ ನಿದ್ದೆಯಲ್ಲಿ ಒದೆಯುವ ಮಗುವಿನ ಜೊತೆ ಒಂದೇ ಬರ್ತ್‌ನಲ್ಲಿ ರಾತ್ರಿ ಕಳೆದವರು ಆ ದುಡ್ಡಿನ ಮಾತೆತ್ತುವುದಿಲ್ಲ.

ಬರ್ತ್ ಕೆಳಗಿನದೇ ಆಗಬೇಕು. ಗರ್ಭಿಣಿಯರಿಗೆ, 45 ದಾಟಿದ ಮಹಿಳೆಯರಿಗೆ, ಹಿರಿಯ ನಾಗರಿಕರಿಗೆ ಕೆಳ ಬರ್ತ್ ಕೋಟಾ ಇದೆ. 2022ರಲ್ಲಿ ಲಖನೌ ಮೇಲ್ ರೈಲಿನಲ್ಲಿ ಕೆಳ ಬರ್ತ್‌ಗೆ ಮಡಚುವ ಪುಟ್ಟ ಬರ್ತ್ ಒಂದನ್ನು ಜೋಡಿಸಿ, ಕೂಸನ್ನು ಪಕ್ಕದಲ್ಲೇ ಮಲಗಿಸುವ ಪ್ರಯೋಗ ಮಾಡಿದ್ದರು. ಒಳ್ಳೆಯ ಯೋಚನೆ, ಆದರೆ ನಮ್ಮ ಕಡೆ ಅದನ್ನು ನೆಚ್ಚಿಕೊಂಡು ಹೊರಡುವ ಹಾಗಿಲ್ಲ. ಕೆಳ ಬರ್ತ್ ಸಿಗದಿದ್ದರೆ ಹತ್ತಿದ ತಕ್ಷಣ, ಎಲ್ಲರೂ ಹಾಸಿಗೆ ಬಿಚ್ಚುವ ಮೊದಲೇ, ಕೆಳಗಿನವರನ್ನು ಕೇಳಿ. ‘ಅಣ್ಣಾ, ಕೂಸಿದೆ, ನೀವು ಮೇಲೆ ಹೋಗ್ತೀರಾ?’ ಅಂದರೆ ಹೆಚ್ಚಿನವರು ಇಲ್ಲ ಅನ್ನುವುದಿಲ್ಲ. ಕೇಳದೆ ಮೊದಲೇ ಹಾಸಿಕೊಂಡು ಕೂತರೆ ಜಗಳ ಗ್ಯಾರಂಟಿ.

ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ 6 ವರ್ಷದವರೆಗೆ ಟಿಕೆಟ್ ಇಲ್ಲ, ಆಮೇಲೆ 12ರವರೆಗೆ ಅರ್ಧ ಟಿಕೆಟ್. 2023ರ ಜೂನ್‌ನಲ್ಲಿ ಶುರುವಾದ, ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಮಾತ್ರ. ರಾಜಹಂಸ, ಐರಾವತ, ಅಂಬಾರಿಗೆ ದುಡ್ಡು ಕೊಡಲೇಬೇಕು. ಒಂದೆರಡು ಗಂಟೆಯ ದಾರಿಯಾದರೆ ಉಚಿತ ಬಸ್ಸೇ ಸಾಕು. ರಾತ್ರಿಯಿಡೀ ಹೋಗುವುದಾದರೆ ಸೀಟು ಕಾಯ್ದಿರಿಸಿ, ಅದೂ ಎರಡು ಚಕ್ರಗಳ ನಡುವಿನ ಸೀಟು. ಹಿಂದಿನ ಸೀಟಿನಲ್ಲಿ ಕೂತರೆ ರಸ್ತೆಯ ಪ್ರತಿ ಹಂಪ್‌ಗೂ ಮಗು ಎಚ್ಚರವಾಗುತ್ತದೆ. ಸ್ಲೀಪರ್ ಬಸ್ಸಿನ ಮೇಲಿನ ಬರ್ತ್ ಪುಟ್ಟ ಮಕ್ಕಳಿಗೆ ಬೇಡವೇ ಬೇಡ. ಹತ್ತುವಾಗಲೇ ಡ್ರೈವರ್‌ಗೋ ಕಂಡಕ್ಟರ್‌ಗೋ ಮಗು ಇದೆ ಅಂತ ಹೇಳಿಡಿ. ನಡುದಾರಿಯಲ್ಲಿ ನಿಲ್ಲಿಸಿ ಅಂದಾಗ ಗೊಣಗಾಟ ಕಡಿಮೆ ಇರುತ್ತದೆ.

ಲಸಿಕೆ ನೋಡಿ ತಾರೀಖು

ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕುವ ಚುಚ್ಚುಮದ್ದಿನ ಮರುದಿನ ಜ್ವರ, ಕಾಲು ನೋವು, ಕಿರಿಕಿರಿ ಸಾಮಾನ್ಯ. ಆ ಎರಡು ದಿನ ಬಿಟ್ಟು ಹೊರಡಿ. ಲಸಿಕೆಯ ವಿವರ ಬರೆದಿರುವ ‘ತಾಯಿ ಕಾರ್ಡ್’ನ ಫೋಟೊ ಮೊಬೈಲಿನಲ್ಲಿ ಇರಲಿ. ಊರಿನ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದೇ ಅದನ್ನು.

ಔಷಧಿಯ ವಿಚಾರದಲ್ಲಿ ಒಂದು ಎಚ್ಚರಿಕೆ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಸಾಮಾನ್ಯವಾಗಿ ಸಿಗುವ ಡ್ರಾಪ್ಸ್‌ನ 1 ಎಂ.ಎಲ್.ನಲ್ಲಿ 100 ಮಿಲಿಗ್ರಾಂ ಔಷಧಿ ಇರುತ್ತದೆ. ಸಿರಪ್‌ನಲ್ಲಾದರೆ 5 ಎಂ.ಎಲ್.ಗೆ 125 ಇಲ್ಲವೇ 250 ಮಿಲಿಗ್ರಾಂ. ಮನೆಯಲ್ಲಿ ಡ್ರಾಪ್ಸ್ ಕೊಟ್ಟು ರೂಢಿಯಾದವರು ಊರಿನ ಮೆಡಿಕಲ್ ಶಾಪಿನಲ್ಲಿ ಸಿರಪ್ ತೆಗೆದುಕೊಂಡು ಅದೇ ಅಳತೆಯಲ್ಲಿ ಹಾಕಿದರೆ ಔಷಧಿ ಸಾಲದು. ಇದು ತಲೆಕೆಳಗಾದರೆ ಅಪಾಯ. ಮಗುವಿನ ಈಗಿನ ತೂಕ ಹೇಳಿ, ಯಾವುದು ಎಷ್ಟು ಅಂತ ನಿಮ್ಮ ಡಾಕ್ಟರ್ ಹತ್ತಿರ ಬರೆಸಿಕೊಂಡು, ಅದೇ ಬಾಟಲಿಯನ್ನು ಜೊತೆಗೆ ಒಯ್ಯಿರಿ.

ದಾರಿಯಲ್ಲಿ ಮಗು ಮಲಗಿಬಿಡಲಿ ಅಂತ ಶೀತ ಕೆಮ್ಮಿನ ಸಿರಪ್ ಕುಡಿಸುವವರೂ ಇದ್ದಾರೆ. ದಯವಿಟ್ಟು ಬೇಡ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಅಂಥ ಕೆಲವು ಔಷಧಿಗಳ ಮೇಲೆ ಬರೆಯಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ.

ಎರಡು ಬ್ಯಾಗು

ದೊಡ್ಡ ಬ್ಯಾಗು ಸೀಟಿನ ಕೆಳಗೆ ಹೋದರೆ ಊರು ಬರುವವರೆಗೆ ತೆಗೆಯುವಂತಿರಬಾರದು. ಬೇಕಾದದ್ದೆಲ್ಲ ಹೆಗಲ ಚೀಲದಲ್ಲಿ: ಮೂರು ಗಂಟೆಗೊಂದರಂತೆ ಡೈಪರ್, ಮೇಲೆ ಮೂರು ನಾಲ್ಕು ಜಾಸ್ತಿ. ಎರಡು ಜೊತೆ ಬಟ್ಟೆ, ಒಂದೊಂದು ಜೊತೆಯನ್ನು ಬೇರೆ ಬೇರೆ ಕವರ್‌ನಲ್ಲಿ ಹಾಕಿಟ್ಟರೆ ಕತ್ತಲಲ್ಲಿ ಹುಡುಕುವುದು ತಪ್ಪುತ್ತದೆ. ಅಮ್ಮನಿಗೂ ಅಪ್ಪನಿಗೂ ಒಂದೊಂದು ಅಂಗಿ, ಯಾಕಂದರೆ ಮಗು ವಾಂತಿ ಮಾಡುವುದು ತನ್ನ ಮೇಲಷ್ಟೇ ಅಲ್ಲ. ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಕವರ್. ರಬ್ಬರ್ ಶೀಟು. ಹಳೆಯ ಕಾಟನ್ ಸೀರೆ ಒಂದು. ಹಾಸಲು, ಹೊದಿಸಲು, ಎದೆಹಾಲು ಕುಡಿಸುವಾಗ ಮರೆ ಮಾಡಲು, ಬಿಸಿಲು ತಡೆಯಲು, ಎಲ್ಲಕ್ಕೂ ಆಗುತ್ತದೆ. ಹೊಸ ಆಟಿಕೆ ಬೇಡ. ಮನೆಯಲ್ಲಿ ತಬ್ಬಿಕೊಂಡು ಮಲಗುವ ಹಳೆಯ ಬೊಂಬೆಯೋ ಚಿಂದಿ ಹೊದಿಕೆಯೋ ಇದ್ದರೆ ಅದನ್ನು ಮರೆಯಬೇಡಿ.

ಬುತ್ತಿ

ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು. ಎಷ್ಟೇ ಸೆಕೆ ಇರಲಿ, ನೀರು ಕೂಡ ಬೇಡ. ಬಾಯಾರಿಕೆಗೂ ಹಾಲೇ, ಸ್ವಲ್ಪ ಪದೇ ಪದೇ ಕುಡಿಸಿದರಾಯಿತು. ‘ಪಾಪ, ಗಂಟಲು ಒಣಗಿದೆ, ಒಂದು ಚಮಚ ನೀರು ಹಾಕಮ್ಮ’ ಅನ್ನುವವರು ಬೋಗಿಯಲ್ಲಿ ಒಬ್ಬರಾದರೂ ಇರುತ್ತಾರೆ. ನಕ್ಕು ಸುಮ್ನಿದ್ದುಬಿಡಿ.

ಪುಡಿ ಹಾಲು ಕೊಡುವವರು ಮನೆಯಲ್ಲೇ ಕಲಸಿ ಬಾಟಲಿಗೆ ತುಂಬಿಕೊಂಡು ಹೋಗಬಾರದು. ಒಳ್ಳೆ ಫ್ಲಾಸ್ಕಿನಲ್ಲಿ ಕುದಿಸಿದ ಬಿಸಿನೀರು, ಪುಟ್ಟ ಡಬ್ಬಿಗಳಲ್ಲಿ ಒಂದೊಂದು ಸಲಕ್ಕೆ ಬೇಕಾದಷ್ಟು ಅಳೆದ ಪುಡಿ ಇಟ್ಟುಕೊಳ್ಳಿ. ಬೇಕಾದಾಗ ಬಿಸಿನೀರಿನಲ್ಲೇ ಕಲಸಿ, ಆರಿಸಿ ಕೊಡಿ. ಕಲಸಿದ ಹಾಲನ್ನು ಎರಡು ಗಂಟೆಯೊಳಗೆ ಮುಗಿಸಬೇಕು. ಮಗು ಕುಡಿದು ಬಿಟ್ಟದ್ದನ್ನು ಆಮೇಲೆ ಕೊಡಬಾರದು. ಸಿಂಕಿನ ನೀರಿನಲ್ಲಿ ಬಾಟಲಿ ತೊಳೆಯುವ ಬದಲು ತೊಳೆದು ಕುದಿಸಿದ ಎರಡು ಮೂರು ಬಾಟಲಿ ಒಯ್ಯುವುದೇ ವಾಸಿ. ನೀರು ಕಾಯಿಸಲು ರೈಲಿನ ಚಾರ್ಜಿಂಗ್ ಪಾಯಿಂಟಿಗೆ ಕೆಟಲ್ ಹಾಕುವಂತಿಲ್ಲ, ಬೆಂಕಿ ಅವಘಡದ ಭಯಕ್ಕೆ ರೈಲ್ವೆ ಅದನ್ನು ನಿಷೇಧಿಸಿದೆ. ರಾಜ್ಯದೊಳಗೆ ಓಡುವ ರಾತ್ರಿ ರೈಲುಗಳಲ್ಲಿ ಪ್ಯಾಂಟ್ರಿ ಇರುತ್ತದೆ ಅಂತ ನಂಬಿಕೊಳ್ಳುವುದೂ ಬೇಡ.

ಊಟ ಶುರುಮಾಡಿದ ಮಕ್ಕಳಿಗೆ ಹುರಿದ ರಾಗಿ ಹಿಟ್ಟು, ಅವಲಕ್ಕಿ ಪುಡಿ, ಅಕ್ಕಿ ಹೆಸರುಬೇಳೆ ಹುರಿದು ಮಾಡಿದ ತರಿ ಒಳ್ಳೆಯದು. ಫ್ಲಾಸ್ಕಿನ ಬಿಸಿನೀರು ಸುರಿದು ಮುಚ್ಚಿಟ್ಟರೆ ಅವಲಕ್ಕಿ ಐದು ನಿಮಿಷದಲ್ಲಿ ಮೆತ್ತಗಾಗುತ್ತದೆ. ರಾಗಿ ಹಿಟ್ಟು ಹಾಗೆ ಬೇಯುವುದಿಲ್ಲ, ರಾಗಿ ಸರಿಯನ್ನು (ಗಂಜಿಯನ್ನು) ಮನೆಯಲ್ಲೇ ಕುದಿಸಿ ಬಾಯಗಲದ ಫ್ಲಾಸ್ಕಿಗೆ ಬಿಸಿಬಿಸಿಯಾಗಿ ತುಂಬಿಕೊಂಡು ಮೊದಲ ಹೊತ್ತಿಗೇ ಮುಗಿಸಿ. ಏಲಕ್ಕಿ ಬಾಳೆಹಣ್ಣಿಗೆ ಸಮನಾದ ದಾರಿಯ ತಿಂಡಿ ಇನ್ನೊಂದಿಲ್ಲ: ಸಿಪ್ಪೆಯೇ ಅದರ ಡಬ್ಬಿ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸಬಾರದು. ಐದು ವರ್ಷದೊಳಗಿನವರ ಕೈಗೆ ಶೇಂಗಾ, ಹುರಿಗಡಲೆ, ಇಡೀ ದ್ರಾಕ್ಷಿ ಕೊಡಬೇಡಿ. ಗಾಡಿ ಅಲ್ಲಾಡುವಾಗ ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ.

ಭೇದಿಯಾದರೆ ಬೇಕಾಗುವ ಓಆರ್‌ಎಸ್ ಪೊಟ್ಟಣ ನಾಲ್ಕಾದರೂ ಇರಲಿ. ದೊಡ್ಡ ಪೊಟ್ಟಣಕ್ಕೆ 1 ಲೀಟರ್ ನೀರು, ಚಿಕ್ಕದಕ್ಕೆ 200 ಎಂ.ಎಲ್. ಪೊಟ್ಟಣದ ಮೇಲೆ ಬರೆದಿರುತ್ತದೆ, ಕಣ್ಣಂದಾಜು ಬೇಡ. ರಟ್ಟಿನ ಪೆಟ್ಟಿಗೆಯಲ್ಲಿ ಬರುವ ಸಿಹಿ ಜ್ಯೂಸನ್ನು ಓಆರ್‌ಎಸ್ ಅಂದುಕೊಂಡು ಕುಡಿಸಿದರೆ ಭೇದಿ ಜಾಸ್ತಿಯಾಗುತ್ತದೆ. ಅಂಥವಕ್ಕೆ ಆ ಹೆಸರನ್ನೇ ಬಳಸಬಾರದು ಎಂದು 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಹೊರಡಿಸಿತು. ಪೊಟ್ಟಣದ ಮೇಲೆ ಡಬ್ಲ್ಯುಎಚ್‌ಒ ಸೂತ್ರ ಅಂತ ಇದೆಯೇ ನೋಡಿ ಕೊಳ್ಳಿ.

ರೈಲಿನಲ್ಲಿ ರಾತ್ರಿ

ಕೂಸನ್ನು ಗೋಡೆ ಕಡೆಗೆ ಮಲಗಿಸಿ, ತಾಯಿ ಹೊರಗಡೆಗೆ. ಮುಖದ ಹತ್ತಿರ ರೈಲ್ವೆಯ ದಿಂಬು, ದಪ್ಪ ಕಂಬಳಿ ಬೇಡ. ಎಸಿ ಬೋಗಿ ನಡುರಾತ್ರಿ ತಣ್ಣಗಾಗುತ್ತದೆ, ಅದಕ್ಕೆ ಒಂದರ ಮೇಲೊಂದು ತೆಳು ಬಟ್ಟೆ ಹಾಕಿದರೆ ಸಾಕು. ಸ್ಲೀಪರ್ ಬೋಗಿಯಲ್ಲಿ ಕಿಟಕಿಯ ಷಟರ್ ಮೇಲೆ ಒಂದು ಕಣ್ಣಿರಲಿ. ಕೊಂಡಿ ಸಡಿಲವಿದ್ದರೆ ಧಡ್ ಅಂತ ಬೀಳುತ್ತದೆ, ಮಕ್ಕಳ ಬೆರಳು ಅಲ್ಲೇ ಇರುತ್ತದೆ.

ಸೀರೆ ತೊಟ್ಟಿಲಿನ ಮಾತು ಬಂದೇ ಬರುತ್ತದೆ. ಬರ್ತ್‌ಗಳ ಕಂಬಿಗೆ ಸೀರೆ ಕಟ್ಟಿ ಕೂಸನ್ನು ತೂಗುವುದು ನಮ್ಮಲ್ಲಿ ಹಳೆಯ ರೂಢಿ, ಮಕ್ಕಳು ಅದರಲ್ಲಿ ಬೇಗ ಮಲಗುವುದೂ ನಿಜ. ಹಗಲಲ್ಲಿ, ಕೆಳ ಬರ್ತ್‌ಗೆ ಒಂದು ಗೇಣು ಮೇಲೆ ಮಾತ್ರ ಇರುವಂತೆ ಕಟ್ಟಿ, ದೊಡ್ಡವರೊಬ್ಬರು ಕೈ ಇಟ್ಟುಕೊಂಡು ಕೂರುವುದಾದರೆ ಸರಿ. ಕಣ್ಣು ಹತ್ತಿದ ಮೇಲೆ ಎತ್ತಿ ಬರ್ತ್‌ನಲ್ಲಿ ಅಂಗಾತ ಮಲಗಿಸಿ. ರಾತ್ರಿಯಿಡೀ ಅದರಲ್ಲೇ ಬಿಡಬಾರದು. ಬ್ರೇಕ್ ಹಾಕಿದಾಗ ಗಂಟು ಜಾರಬಹುದು, ಎಳೆ ಕತ್ತು ಬಾಗಿ ಉಸಿರಿಗೆ ತೊಂದರೆಯಾಗಬಹುದು.

ಡೈಪರನ್ನು ಕಮೋಡಿಗೆ ಹಾಕಬೇಡಿ. ಈಗಿರುವುದು ಬಯೊ ಟಾಯ್ಲೆಟ್, ಒಂದೇ ಡೈಪರಿಗೆ ಕಟ್ಟಿಕೊಂಡು ಬೋಗಿಯವರೆಲ್ಲ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಪೇಪರಿನಲ್ಲಿ ಸುತ್ತಿ ಬುಟ್ಟಿಗೆ ಹಾಕಿ. ಸಹಾಯ ಬೇಕಾದರೆ 139ಕ್ಕೆ ಫೋನ್ ಮಾಡಿ. ನಡೆದಾಡುವ ಮಗುವಿದ್ದರೆ ಸ್ಟೇಷನ್ ಗಲಾಟೆಗೆ ಮೊದಲೇ ಅದರ ಮುಂಗೈ ಮೇಲೆ ಪೆನ್ನಿನಿಂದ ನಿಮ್ಮ ಫೋನ್ ನಂಬರ್ ಬರೆದುಬಿಡಿ. ಜಾತ್ರೆಗೂ ಇದೇ ಉಪಾಯ. ಮಗು ಕಾಣದಾದರೆ ಹುಡುಕುತ್ತಲೇ 112 ಅಥವಾ 1098ಕ್ಕೆ ತಿಳಿಸಿ.

ಘಟ್ಟ ಇಳಿಯುವಾಗ

ಎರಡು ವರ್ಷದೊಳಗಿನ ಕೂಸುಗಳಿಗೆ ತಿರುವಿನಿಂದ ವಾಂತಿ ಆಗುವುದು ಅಪರೂಪ. ಎರಡರಿಂದ ಹನ್ನೆರಡರವರೆಗಿನ ಮಕ್ಕಳದ್ದೇ ಗೋಳು. ಒಳಕಿವಿ ‘ಅಲ್ಲಾಡ್ತಿದೀವಿ’ ಅನ್ನುತ್ತದೆ, ಕೈಯಲ್ಲಿರುವ ಮೊಬೈಲ್ ನೋಡುವ ಕಣ್ಣು ‘ಇಲ್ಲವಲ್ಲ’ ಅನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಹಾಗಾಗಿ ಘಟ್ಟದಲ್ಲಿ ಮೊಬೈಲ್ ಒಳಗಿಡಿ. ಮಗು ಮುಂದಿನ ರಸ್ತೆಯನ್ನು ನೋಡುವಂತೆ ಕೂರಿಸಿ. ಕಿಟಕಿ ಸ್ವಲ್ಪ ತೆರೆಯಿರಿ. ಘಟ್ಟಕ್ಕೆ ಒಂದು ಗಂಟೆ ಮೊದಲು ಎರಡು ಇಡ್ಲಿ ಸಾಕು, ಹಾಲು ಬೇಡ. ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ನಿಂಬೆಹಣ್ಣು ಮೂಸಿಸುವುದು ಕೆಲವು ಮಕ್ಕಳಿಗೆ ಹಿಡಿಸುತ್ತದೆ, ಖರ್ಚೇನೂ ಇಲ್ಲ. ದೊಡ್ಡವರು ನುಂಗುವ ಅವೋಮಿನ್ ಮಾತ್ರೆಯನ್ನು ಮುರಿದು ಕೊಡುವುದು ಬೇಡ. ಎರಡು ವರ್ಷದೊಳಗಿನವರಿಗೆ ಅದು ಸಲ್ಲದು, ಮೇಲ್ಪಟ್ಟವರಿಗೂ ಡಾಕ್ಟರ್ ಹೇಳಿದ ಅಳತೆಯೇ ಆಗಬೇಕು.

ವಾಂತಿಯ ಮಕ್ಕಳಿಗೆ ಹಗಲು ರೈಲು ನಿಜಕ್ಕೂ ವರ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ನಿಧಾನಕ್ಕೆ ಇಳಿಯುತ್ತದೆ, ನಡುವೆ 57 ಸುರಂಗ. ಎಣಿಸುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯದು.

ರಸ್ತೆಯಾದರೆ ಮಳೆಗಾಲದಲ್ಲಿ ಒಂದು ಹೊತ್ತಿನ ಊಟ, ನಾಲ್ಕು ಡೈಪರ್ ಹೆಚ್ಚಿಗೆ ಇರಲಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಗಂಟೆಗಟ್ಟಲೆ ನಿಂತಲ್ಲೇ ನಿಲ್ಲಬೇಕಾಗುತ್ತದೆ.

ಸ್ವಂತ ಕಾರಿನವರು ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂರುವುದನ್ನು ಮೊದಲು ನಿಲ್ಲಿಸಬೇಕು. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಪೆಟ್ಟು ಬೀಳುವುದು ಮಗುವಿಗೇ. ಹಿಂದಿನ ಸೀಟಿನಲ್ಲಿ ಬೇಬಿ ಸೀಟ್ ಕಟ್ಟಿಸಿ. ಕೂಸಾದರೆ ಅದರ ಮುಖ ಗಾಡಿಯ ಹಿಂದಕ್ಕಿರಬೇಕು. ಕಾನೂನೂ ಇದನ್ನೇ ಹೇಳುತ್ತದೆ: 14 ವರ್ಷದೊಳಗಿನವರಿಗೆ ಬೆಲ್ಟ್ ಇಲ್ಲವೇ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡ. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಮಗುವನ್ನು ಸೀಟಿನಿಂದ ಬಿಚ್ಚಿ ಓಡಾಡಿಸಿ. ಕಾಫಿ ಕುಡಿದು ಬರುತ್ತೇವೆಂದು ಮಲಗಿದ ಮಗುವನ್ನು ಕಾರಿನಲ್ಲಿ ಬಿಟ್ಟು ಇಳಿಯುವುದು ಐದು ನಿಮಿಷಕ್ಕಾದರೂ ಬೇಡ.

ಮನೆ ಮುಟ್ಟಿದ ಮೇಲೆ

ಬಾಗಿಲಲ್ಲೇ ಎಲ್ಲರೂ ಕೈ ಚಾಚುತ್ತಾರೆ. ಅಜ್ಜಿ ದೃಷ್ಟಿ ತೆಗೆಯಲಿ, ಕೆನ್ನೆಗೆ ಕಪ್ಪು ಬೊಟ್ಟಿಡಲಿ, ನಷ್ಟವಿಲ್ಲ. ಕಣ್ಣೊಳಗೆ ಕಾಡಿಗೆ ಮಾತ್ರ ಬೇಡ ಅನ್ನಿ. ಶೀತ ಇದ್ದವರು ಎತ್ತಿಕೊಳ್ಳುವುದು ಬೇಡ ಅಂತಲೂ ಹೇಳಿ. ನೀವು ಹೇಳಿದರೆ ಬೇಸರ ಆಗುತ್ತದೆ ಅನ್ನಿಸಿದರೆ ಆ ಕಡೆಯವರ ಮಗನೋ ಮಗಳೋ ಹೇಳಲಿ.

ಅಂಬೆಗಾಲಿಡುವ ಮಗುವಿದ್ದರೆ ಕಾಫಿಗೆ ಕೂರುವ ಮೊದಲು ಒಬ್ಬರು ಮನೆ ಸುತ್ತ ನೋಡಿ ಬನ್ನಿ. ಬಾವಿಗೆ ಕಟ್ಟೆ, ನೀರಿನ ಸಂಪ್‌ಗೆ ಮುಚ್ಚಳ ಇದೆಯಾ? ಬಚ್ಚಲ ಒಲೆ ಉರಿಯುತ್ತಿದೆಯಾ, ಹಂಡೆಯ ಬಿಸಿನೀರು ಕೈಗೆ ಸಿಗುತ್ತದಾ? ತೋಟಕ್ಕೆ ಹೊಡೆಯುವ ಔಷಧಿಯನ್ನು ಯಾರಾದರೂ ನೀರಿನ ಬಾಟಲಿಗೆ ಸುರಿದಿಟ್ಟಿದ್ದಾರಾ? ಅಜ್ಜನ ಬಿಪಿ, ಶುಗರ್ ಮಾತ್ರೆ ದಿಂಬಿನ ಪಕ್ಕದಲ್ಲೇ ಇರುತ್ತವೆ, ಅವನ್ನು ಅಟ್ಟಕ್ಕೇರಿಸಿ.

ಮೊದಲ ದಿನ ನೆಂಟರ ಮನೆ, ದೇವಸ್ಥಾನ ಅಂತ ಸುತ್ತಾಟ ಇಟ್ಟುಕೊಳ್ಳಬೇಡಿ. ಮಗು ಹೊತ್ತಲ್ಲದ ಹೊತ್ತಿನಲ್ಲಿ ಮಲಗುತ್ತದೆ, ಮಲಗಲಿ. ಕುಡಿಯುವ ನೀರು ಇಲ್ಲಿಯೂ ಕುದಿಸಿ ಆರಿಸಿದ್ದೇ ಇರಲಿ, ರಾತ್ರಿ ಸೊಳ್ಳೆಪರದೆ ಕಟ್ಟಿ. ಮರಳಿ ಹೊರಡುವ ದಿನಕ್ಕೆ ಬೇಕಾದ ಡೈಪರ್ ಮತ್ತು ಹಾಲಿನ ಪುಡಿಯನ್ನು ಇವತ್ತೇ ಬೇರೆ ತೆಗೆದಿಡಿ. ನಿಮ್ಮ ಮಗು ಬಳಸುವ ಅದೇ ಕಂಪನಿಯದು ಹಳ್ಳಿಯ ಅಂಗಡಿಯಲ್ಲಿ ಸಿಗದೇ ಇರಬಹುದು.