ಹಳೆಯ ಪ್ರಾಜೆಕ್ಟ್‌ನ ಲಾಗಿಂಗ್ ಕೋಡನ್ನು ಗಟ್ಟಿ ಮಾಡಿದ ಬಗೆ

ತುಂಬಾ ವರ್ಷಗಳಿಂದ ಓಡುತ್ತಿರುವ ಪ್ರಾಜೆಕ್ಟ್‌ಗಳಲ್ಲಿ ಲಾಗಿಂಗ್ ಕೋಡ್‌ಗೆ, ಅಂದರೆ ಪ್ರೋಗ್ರಾಂ ತನ್ನಲ್ಲಿ ನಡೆದದ್ದನ್ನು ಬರೆದಿಡುವ ಭಾಗಕ್ಕೆ, ಹೇಳೋರು ಕೇಳೋರು ಯಾರೂ ಇರುವುದಿಲ್ಲ. ಡೇಟಾಬೇಸ್ ಭಾಗಕ್ಕೆ ಒಬ್ಬರು, ನೆಟ್‌ವರ್ಕ್ ಭಾಗಕ್ಕೆ ಇನ್ನೊಬ್ಬರು ಅಂತ ಇರುತ್ತಾರೆ. ಲಾಗ್ ಮಾತ್ರ ಎಲ್ಲರಿಗೂ ಸೇರಿದ್ದು. ನಾನು ಕೆಲಸ ಮಾಡುವ ಸಿ ಭಾಷೆಯ ಸರ್ವರ್ ಪ್ರೋಗ್ರಾಂನಲ್ಲೂ ಹೀಗೇ ಇತ್ತು. ಒಂದು ಕಡೆ ಫೈಲ್‌ಗೆ ನೇರವಾಗಿ ಬರೆಯುವ ಎಫ್‌ಪ್ರಿಂಟ್‌ಎಫ್, ಇನ್ನೊಂದು ಕಡೆ ಸಿಸ್ಟಂನ ಲಾಗ್‌ಗೆ ಕಳಿಸುವ ಸಿಸ್‌ಲಾಗ್, ಮತ್ತೊಂದು ಕಡೆ ಯಾರೋ ಬರೆದ ಡೀಬಗ್ ಮ್ಯಾಕ್ರೋ (ಬಿಲ್ಡ್ ಮಾಡುವಾಗ ಕೋಡ್ ಆಗಿ ಬಿಚ್ಚಿಕೊಳ್ಳುವ ಹೆಸರು), ಅದರ ಮೇಲೆ ಇನ್ಯಾರೋ ಸುತ್ತಿದ ಇನ್ನೊಂದು ಮ್ಯಾಕ್ರೋ. ಇದನ್ನೆಲ್ಲ ಒಂದು ದಾರಿಗೆ ತರುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ.

ಕಾರಣ ಇಷ್ಟೇ. ಲಾಗ್ ಕೋಡ್‌ಗೆ ಜಾಸ್ತಿ ಕೆಲಸ ಬರುವುದೇ ಏನೋ ಕೆಟ್ಟಾಗ. ಮೆಮೊರಿ ಮುಗಿದಿರುತ್ತದೆ, ಡಿಸ್ಕ್ ತುಂಬಿರುತ್ತದೆ, ಆ ಕಡೆಯಿಂದ ಕೆಟ್ಟ ಡೇಟಾ ಬಂದಿರುತ್ತದೆ. ಟೆಸ್ಟ್‌ಗಳು ಆ ದಾರಿಯಲ್ಲಿ ಹೋಗಿಯೇ ಇರುವುದಿಲ್ಲ. ಜೊತೆಗೆ, ಹೊರಗಿನಿಂದ ಬಂದ ಇನ್‌ಪುಟ್ ಸರಿಯಿಲ್ಲ ಅಂತ ನಾವು ತಳ್ಳಿಹಾಕಿದಾಗ ಅದು ಮೊದಲು ಹೋಗಿ ಬೀಳುವುದು ಲಾಗ್‌ನಲ್ಲೇ. ಇಷ್ಟು ಅಪಾಯದ ಜಾಗವನ್ನು ನಾವು ಕಡೆಗಣಿಸಿದ್ದೆವು.

ಕೋಡ್ ಮುಟ್ಟುವ ಮೊದಲು, ಈ ಲಾಗ್‌ಗಳನ್ನು ಯಾರು ಓದುತ್ತಾರೆ ಅಂತ ವಿಚಾರಿಸಿದೆ. ಮನುಷ್ಯರಿಗಿಂತ ಸ್ಕ್ರಿಪ್ಟ್‌ಗಳೇ ಜಾಸ್ತಿ ಓದುತ್ತಿದ್ದವು. ಒಂದು ಸಂದೇಶದಲ್ಲಿ ವರ್ಷಗಳಿಂದ ಸ್ಪೆಲಿಂಗ್ ತಪ್ಪಿತ್ತು, ಸರ್ವರ್ ನೋಡಿಕೊಳ್ಳುವವರ ಅಲರ್ಟ್ ಆ ತಪ್ಪು ಸ್ಪೆಲಿಂಗನ್ನೇ ಹುಡುಕುತ್ತಿತ್ತು. ಸುಮ್ನೆ ತಿದ್ದಿಬಿಟ್ಟಿದ್ದರೆ ಅಲರ್ಟ್ ಸದ್ದಿಲ್ಲದೆ ಸತ್ತುಹೋಗುತ್ತಿತ್ತು. ಹಾಗಾಗಿ ಪ್ರತಿ ಮುಖ್ಯ ಸಂದೇಶಕ್ಕೂ ಬದಲಾಗದ ಒಂದು ಗುರುತಿನ ಸಂಖ್ಯೆ ಕೊಟ್ಟೆ. ಸ್ಕ್ರಿಪ್ಟ್‌ಗಳೆಲ್ಲ ಆ ಸಂಖ್ಯೆಗೆ ಬದಲಾದ ಮೇಲಷ್ಟೇ ಪದಗಳನ್ನು ಮುಟ್ಟಿದೆ.

ಇನ್ನೊಂದು ಎಚ್ಚರಿಕೆ, ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಕಥೆಯಿಂದ ಬಂತು. ಲಾಗಿಂಗ್ ಕೋಡ್ ಮುಟ್ಟುವ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕು. ಲಾಗಿನ್ ಆಗಲು ಕೊಟ್ಟ ಸಮಯ ಮೀರಿದರೆ ಅದರ ಸರ್ವರ್‌ಗೆ ಅಲಾರಂ ಸಿಗ್ನಲ್ ಬರುತ್ತದೆ. ಸಿಗ್ನಲ್ ಬಂದಾಗ ಬೇರೆ ಕೆಲಸದ ನಡುವೆಯೇ ಓಡುವ ಸಿಗ್ನಲ್ ಹ್ಯಾಂಡ್ಲರ್ ಒಳಗೆ ಸಿಸ್‌ಲಾಗ್ ಕರೆಯುವುದು ಸುರಕ್ಷಿತವಲ್ಲ, ಯಾಕೆಂದರೆ ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಅದು ಒಳಗೊಳಗೇ ಮೆಮೊರಿ ಕೇಳುವ ಮ್ಯಾಲಾಕ್ ಕರೆಯಬಹುದು. ಪ್ರೋಗ್ರಾಂ ಆಗಲೇ ಮ್ಯಾಲಾಕ್‌ನ ನಡುವೆ ಇದ್ದರೆ ಹೀಪ್ (ಮ್ಯಾಲಾಕ್ ಹಂಚುವ ಮೆಮೊರಿ) ಕೆಡಬಹುದು. ಇದೇ ಬಗೆಯ ತೊಂದರೆಯನ್ನು 2006ರಲ್ಲಿ ಸರಿಪಡಿಸಿದ್ದರು. ಕೋಡ್‌ನ ಭಾಗವನ್ನು ಬಿಲ್ಡ್‌ನಿಂದ ಹೊರಗಿಡುವ ಒಂದು ಇಫ್‌ಡೆಫ್ ಸಾಲು ಆ ಕರೆಗೆ ಅಡ್ಡ ನಿಂತಿತ್ತು. 2020ರ ಅಕ್ಟೋಬರ್‌ನಲ್ಲಿ ಲಾಗಿಂಗ್ ವ್ಯವಸ್ಥೆಯನ್ನು ಹೊಸದಾಗಿ ಜೋಡಿಸುವಾಗ ಆ ಸಾಲು ಹೋಯಿತು. 8.5ಪಿ1 ಆವೃತ್ತಿಯಿಂದ ಹಳೆಯ ತೂತು ಮತ್ತೆ ತೆರೆಯಿತು. 2024ರ ಜುಲೈ 1ರಂದು ಕ್ವಾಲಿಸ್ ಸಂಸ್ಥೆ ಅದನ್ನು ಬಯಲು ಮಾಡಿತು, ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2024-6387 ಅಂತ. ಲಾಗಿನ್ನೇ ಆಗದೆ ದೂರದಿಂದ ರೂಟ್ ಅಧಿಕಾರ, ಅಂದರೆ ಇಡೀ ಸಿಸ್ಟಂನ ಹಿಡಿತ, ಸಿಗುವಂಥ ತೂತು. ಅಷ್ಟು ಜಾಗರೂಕರಾದ ತಂಡದ ಕೋಡ್‌ನಲ್ಲೇ ಹೀಗಾಯಿತು ಅಂದರೆ, ಲಾಗ್ ಕೋಡ್‌ನಲ್ಲಿ ವಿಚಿತ್ರವಾಗಿ ಕಾಣುವ ಸಾಲನ್ನು ತೆಗೆಯುವ ಮೊದಲು ಅದು ಯಾಕೆ ಬಂತು ಅಂತ ಹಳೆಯ ಕಮಿಟ್‌ಗಳನ್ನು (ಕೋಡ್ ಬದಲಾವಣೆಗಳ ದಾಖಲೆಗಳನ್ನು) ಕೆದಕಲೇಬೇಕು, ಅಲ್ವಾ?

ನಮ್ಮಲ್ಲೂ, ನಿಲ್ಲು ಅಂತ ಹೇಳುವ ಸಿಗ್‌ಟರ್ಮ್ ಸಿಗ್ನಲ್‌ನ ಹ್ಯಾಂಡ್ಲರ್ "ನಿಲ್ಲುತ್ತಿದ್ದೇನೆ" ಅಂತ ಲಾಗ್ ಮಾಡುತ್ತಿತ್ತು. ಅದನ್ನು ತೆಗೆದು, ಹ್ಯಾಂಡ್ಲರ್ ಒಂದು ಫ್ಲ್ಯಾಗ್ ಏರಿಸಿ ಪೈಪ್‌ಗೆ ಒಂದು ಬೈಟ್ ಬರೆಯುವ ಹಾಗೆ ಮಾಡಿದೆ. ಮುಖ್ಯ ಲೂಪ್ ಅದನ್ನು ನೋಡಿ ನಿಧಾನವಾಗಿ ಲಾಗ್ ಬರೆಯುತ್ತದೆ. ಕ್ರ್ಯಾಶ್ ಹ್ಯಾಂಡ್ಲರ್‌ಗೆ ಅಷ್ಟು ಪುರುಸೊತ್ತಿಲ್ಲ. ಅಲ್ಲಿ ಮೊದಲೇ ತಯಾರಿಟ್ಟ ಸಂದೇಶವನ್ನು ನೇರ ರೈಟ್ ಸಿಸ್ಟಂ ಕಾಲ್‌ನಿಂದ ಬರೆದು ಮುಗಿಸುತ್ತೇವೆ. ಆ ಎರಡೂ ಕಡೆ, ಯಾಕೆ ಹೀಗೆ ಅಂತ ಉದ್ದದ ಕಾಮೆಂಟ್ ಬರೆದಿದ್ದೇನೆ. ಮುಂದೆ ಸ್ವಚ್ಛ ಮಾಡಲು ಬರುವವರಿಗೆ ಅದು ಕಣ್ಣಿಗೆ ಬೀಳಲೇಬೇಕು.

ಆಮೇಲೆ, ಸಂದೇಶದಲ್ಲಿ ಯಾವ ಬಗೆಯ ಮೌಲ್ಯ ಎಲ್ಲಿ ಬರಬೇಕು ಅಂತ ಹೇಳುವ ಫಾರ್ಮ್ಯಾಟ್ ಸ್ಟ್ರಿಂಗ್‌ಗಳಿಗೆ ಕೈ ಹಾಕಿದೆ. ಬಳಕೆದಾರರು ಕಳಿಸಿದ ಪಠ್ಯವನ್ನೇ ಪ್ರಿಂಟ್‌ಎಫ್ ಮಾದರಿಯ ಫಂಕ್ಷನ್‌ಗೆ ಮೊದಲ ಆರ್ಗ್ಯುಮೆಂಟ್ ಆಗಿ ಕೊಡುವುದು ಎಷ್ಟು ದೊಡ್ಡ ಅಪಾಯ ಅನ್ನುವುದು 2000ನೇ ಇಸವಿಯಲ್ಲಿ ಡಬ್ಲ್ಯೂಯು-ಎಫ್‌ಟಿಪಿಡಿ ಸರ್ವರ್‌ನ ತೂತು ಬಯಲಾದಾಗಲೇ ಜಗತ್ತಿಗೆ ಗೊತ್ತಾಗಿತ್ತು. ಆದರೂ ಹಳೆಯ ಕೋಡ್‌ನಲ್ಲಿ ಅದು ಉಳಿದುಕೊಂಡಿರುತ್ತದೆ, ಯಾಕೆಂದರೆ ನಾವೇ ಬರೆದ ಲಾಗ್ ಫಂಕ್ಷನ್ ಕೂಡ ಪ್ರಿಂಟ್‌ಎಫ್ ಥರ ನಡೆದುಕೊಳ್ಳುತ್ತದೆ ಅಂತ ಕಂಪೈಲರ್‌ಗೆ ಗೊತ್ತಿರುವುದಿಲ್ಲ. ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳಲ್ಲಿ ಅದನ್ನು ತಿಳಿಸಲೆಂದೇ ಫಾರ್ಮ್ಯಾಟ್ ಅನ್ನುವ ಆಟ್ರಿಬ್ಯೂಟ್ ಇದೆ. ಫಂಕ್ಷನ್ ಘೋಷಣೆಯ ಪಕ್ಕ ಅದೊಂದನ್ನು ಸೇರಿಸಿ ಬಿಲ್ಡ್ ಮಾಡಿದೆ. ವಾರ್ನಿಂಗ್‌ಗಳ ಮಳೆಯೇ ಸುರಿಯಿತು.

ಹೆಚ್ಚಿನವು ಇಂಟ್ (ಸಾಮಾನ್ಯವಾಗಿ 32 ಬಿಟ್) ಅಂತ ಬರೆದು 64 ಬಿಟ್ ಸಂಖ್ಯೆ ಕೊಟ್ಟಂಥವು. ಒಂದನ್ನು ಮಾತ್ರ ಹೇಳಲೇಬೇಕು. ಸರ್ಟಿಫಿಕೇಟ್ ಓದಲು ಆಗದಿದ್ದಾಗ ಬರುವ ಸಂದೇಶ ಅದು. ಫೈಲ್ ಹೆಸರು, ಆಮೇಲೆ ಎರರ್ ಸಂಖ್ಯೆ ಬರಬೇಕಿತ್ತು. ಎರಡಕ್ಕೂ ಸ್ಟ್ರಿಂಗ್ ಗುರುತೇ ಹಾಕಿದ್ದರು. ಅಂದರೆ ಎರರ್ ಸಂಖ್ಯೆ 2 ಬಂದರೆ, ಮೆಮೊರಿಯ ಎರಡನೇ ವಿಳಾಸದಲ್ಲಿ ಸ್ಟ್ರಿಂಗ್ ಇದೆ ಅಂತ ನಂಬಿ ಓದಲು ಹೋಗಿ ಸರ್ವರ್ ಬೀಳುತ್ತಿತ್ತು. ಫೈಲ್ ಸಿಗಲಿಲ್ಲ ಅಂತ ಹೇಳಿ ಮುಂದುವರಿಯಬೇಕಿದ್ದ ಜಾಗ ಅದು. ಫೈಲ್ ಯಾವತ್ತೂ ಇರುತ್ತಿದ್ದುದರಿಂದ ಆ ಸಾಲು ಓಡಿಯೇ ಇರಲಿಲ್ಲ.

ಸಂದೇಶ ಕಟ್ಟುವ ಬಫರ್ ವಿಷಯದಲ್ಲಿ, ಅಳತೆ ನೋಡದ ವಿಎಸ್‌ಪ್ರಿಂಟ್‌ಎಫ್ ತೆಗೆದು ಅಳತೆ ನೋಡುವ ವಿಎಸ್‌ಎನ್‌ಪ್ರಿಂಟ್‌ಎಫ್ ಹಾಕಿದರೆ ಮುಗಿಯಿತು ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಅದು ಹಿಂತಿರುಗಿಸುವ ಸಂಖ್ಯೆ ನಿಜವಾಗಿ ಬರೆದಷ್ಟಲ್ಲ, ಜಾಗ ಇದ್ದಿದ್ದರೆ ಎಷ್ಟು ಬರೆಯುತ್ತಿತ್ತೋ ಅಷ್ಟು. ನಮ್ಮ ಕೋಡ್‌ನ ಒಂದು ಭಾಗವನ್ನು ಯಾರೋ ಮೊದಲೇ ಹೀಗೆ ಸುಧಾರಿಸಿ, ಆ ಸಂಖ್ಯೆಯನ್ನೇ ರೈಟ್‌ಗೆ ಉದ್ದವಾಗಿ ಕೊಟ್ಟಿದ್ದರು. ಸಂದೇಶ ಬಫರ್‌ಗಿಂತ ಉದ್ದವಾದರೆ, ಬಫರ್ ದಾಟಿ ಪಕ್ಕದ ಮೆಮೊರಿಯೂ ಲಾಗ್ ಫೈಲ್‌ಗೆ ಹೋಗುತ್ತಿತ್ತು. ಈಗ ಉದ್ದವನ್ನು ಬಫರ್ ಅಳತೆಗೆ ಕತ್ತರಿಸಿ, ಕೊನೆಗೆ ಕತ್ತರಿಸಿದ ಗುರುತು ಹಾಕುತ್ತೇವೆ. ಕತ್ತರಿಸುವಾಗಲೂ ಯುಟಿಎಫ್-8 (ಯುನಿಕೋಡ್ ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಅಕ್ಷರದ ನಡುವೆ ಕತ್ತರಿ ಬೀಳದ ಹಾಗೆ ನೋಡಬೇಕು. ಕನ್ನಡದ ಪ್ರತಿ ಯುನಿಕೋಡ್ ಚಿಹ್ನೆಯೂ ಅದರಲ್ಲಿ 3 ಬೈಟ್. ಒಂದು ಬೈಟ್ ಹೆಚ್ಚುಕಮ್ಮಿಯಾದರೂ ಸಾಲಿನ ಕೊನೆ ಕೆಡುತ್ತದೆ, ಕೆಲವು ಲಾಗ್ ಓದುವ ಪ್ರೋಗ್ರಾಂಗಳು ಇಡೀ ಸಾಲನ್ನೇ ಎಸೆಯುತ್ತವೆ.

ನನಗೆ ತುಂಬಾ ಮುಖ್ಯ ಅನಿಸಿದ್ದು ಸುಳ್ಳು ಸಾಲುಗಳ ವಿಷಯ. ಲಾಗಿನ್ ವಿಫಲವಾದರೆ ಬಳಕೆದಾರರ ಹೆಸರನ್ನು ಲಾಗ್ ಮಾಡುತ್ತೇವೆ. ಆ ಹೆಸರಿನ ನಡುವೆ ಒಂದು ಹೊಸ ಸಾಲಿನ ಅಕ್ಷರ ಇಟ್ಟು, ಅದರ ಮುಂದೆ ಸರಿಯಾದ ಸಮಯದ ಮುದ್ರೆ ಸಮೇತ "ಅಡ್ಮಿನ್ ಲಾಗಿನ್ ಯಶಸ್ವಿ" ಅಂತ ಬರೆದು ಕಳಿಸಿದರೆ? ಲಾಗ್ ಫೈಲ್‌ನಲ್ಲಿ ಎರಡು ಸಾಲು ಬೀಳುತ್ತವೆ. ಎರಡನೆಯದು ನಾವೇ ಬರೆದಂತೆ ಕಾಣುತ್ತದೆ. ಟೆಸ್ಟ್ ಸರ್ವರ್‌ನಲ್ಲಿ ಇದನ್ನು ಮಾಡಿ ತಂಡಕ್ಕೆ ತೋರಿಸಿದೆ. ಯಾವುದು ಅಸಲಿ ಅಂತ ಯಾರಿಗೂ ಹೇಳಲು ಆಗಲಿಲ್ಲ. ಈ ಬಗೆಯ ದೋಷಕ್ಕೆ ಸಾಫ್ಟ್‌ವೇರ್ ದೋಷದ ಬಗೆಗಳ ಪಟ್ಟಿಯಲ್ಲಿ ಸಿಡಬ್ಲ್ಯೂಇ-117 ಅಂತ ಸಂಖ್ಯೆಯೇ ಇದೆ. ಟರ್ಮಿನಲ್‌ನಲ್ಲಿ ಲಾಗ್ ನೋಡುವವರಿಗೆ ಎಸ್ಕೇಪ್ ಅಕ್ಷರವೂ ಅಪಾಯ. ಅದರಿಂದ ಪರದೆಯ ಮೇಲಿನ ಹಿಂದಿನ ಸಾಲನ್ನು ಅಳಿಸಬಹುದು.

ಇದಕ್ಕೆ ಮದ್ದನ್ನು ಪ್ರತಿ ಕರೆಯಲ್ಲೂ ಹಾಕಲು ಹೋಗಬಾರದು, ಎಲ್ಲೋ ಒಂದು ಕಡೆ ಬಿಟ್ಟುಹೋಗುತ್ತದೆ. ಎಲ್ಲ ದಾರಿಗಳನ್ನೂ ಒಂದೇ ಫಂಕ್ಷನ್‌ಗೆ ತಂದ ಮೇಲೆ, ಆ ಕೊನೆಯ ಬಾಗಿಲಲ್ಲಿ ಹೊಸ ಸಾಲು, ಎಸ್ಕೇಪ್‌ನಂಥ ನಿಯಂತ್ರಣ ಅಕ್ಷರಗಳನ್ನೆಲ್ಲ ಹೆಕ್ಸ್ (16ರ ಆಧಾರದ ಸಂಖ್ಯೆ) ರೂಪಕ್ಕೆ ಬದಲಿಸಿದೆ. ಬ್ಯಾಕ್‌ಸ್ಲ್ಯಾಶನ್ನೂ ಬದಲಿಸಬೇಕು, ಇಲ್ಲದಿದ್ದರೆ ಮೂಲದಲ್ಲಿ ಏನಿತ್ತು ಅಂತ ಹಿಂದಕ್ಕೆ ತಿಳಿಯುವುದಿಲ್ಲ. ಇಂಗ್ಲಿಷ್ ಅಲ್ಲದ ಎಲ್ಲವನ್ನೂ ಹೆಕ್ಸ್ ಮಾಡಿಬಿಡೋಣ ಅನ್ನುವ ಸಲಹೆಯೂ ಬಂತು. ನಾನು ಒಪ್ಪಲಿಲ್ಲ. ಕನ್ನಡದಲ್ಲೋ ತಮಿಳಲ್ಲೋ ಹೆಸರಿಟ್ಟುಕೊಂಡವರ ದೂರು ಬಂದರೆ ಆ ಲಾಗ್ ಓದಿ ಸಹಾಯ ಮಾಡುವವರು ಯಾರು? ಸರಿಯಾದ ಯುಟಿಎಫ್-8 ಹಾಗೇ ಹೋಗುತ್ತದೆ. ಕೆಟ್ಟ ಬೈಟ್‌ಗಳು ಮತ್ತು ಸಾಲಿನ ದಿಕ್ಕನ್ನೇ ತಿರುಗಿಸುವ ಯುನಿಕೋಡ್ ಚಿಹ್ನೆಗಳು ಮಾತ್ರ ಹೆಕ್ಸ್ ಆಗುತ್ತವೆ.

ಗುಟ್ಟಿನ ಮಾಹಿತಿ ಲಾಗ್‌ಗೆ ಸೇರುವುದು ಎಂಥ ದೊಡ್ಡ ಕಂಪನಿಗಳಿಗೂ ಆಗಿದೆ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ ಎಲ್ಲ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸಲು ಹೇಳಿತ್ತು, ಹ್ಯಾಶ್ ಆಗುವ (ಮೂಲ ತಿಳಿಯದಂತೆ ಬದಲಾಗುವ) ಮೊದಲೇ ಅವು ಒಳಗಿನ ಲಾಗ್ ಒಂದರಲ್ಲಿ ಬರೆದುಹೋಗಿದ್ದವು ಅಂತ. ಪಾಸ್‌ವರ್ಡ್ ಅನ್ನುವ ಪದ ಹುಡುಕಿ ಅಳಿಸುವ ಫಿಲ್ಟರ್‌ಗಳನ್ನು ನಾನು ನಂಬುವುದಿಲ್ಲ. ಗುಟ್ಟಿನ ಮೌಲ್ಯಗಳಿಗೆ ಬೇರೆಯೇ ಸ್ಟ್ರಕ್ಟ್ (ನಾವೇ ರೂಪಿಸುವ ಡೇಟಾ ಬಗೆ) ಮಾಡಿದೆ. ಅದನ್ನು ಸ್ಟ್ರಿಂಗ್ ಅಂತ ಲಾಗ್‌ಗೆ ಕೊಟ್ಟರೆ ಬಿಲ್ಡೇ ಆಗುವುದಿಲ್ಲ. ನಮ್ಮಲ್ಲಿ ನಿಜವಾದ ಸೋರಿಕೆ ಇದ್ದದ್ದು ಎರಡು ಕಡೆ: ಯುಆರ್‌ಎಲ್‌ನ ಪ್ರಶ್ನೆಚಿಹ್ನೆಯ ನಂತರ ಬರುವ ಟೋಕನ್‌ಗಳಲ್ಲಿ, ಮತ್ತು ಇಡೀ ರಿಕ್ವೆಸ್ಟನ್ನು ಹೆಕ್ಸ್‌ನಲ್ಲಿ ಸುರಿಯುವ ಡೀಬಗ್ ಸೌಲಭ್ಯದಲ್ಲಿ. ಎರಡನೆಯದನ್ನು ಪೂರ್ತಿ ಕಿತ್ತು ಹಾಕಿದೆ.

ಡೀಬಗ್ ಮ್ಯಾಕ್ರೋಗಳಲ್ಲಿ ಇನ್ನೊಂದು ಬಲೆ ಇತ್ತು. ಒಂದು ಕಡೆ ಸಂದೇಶದ ಆರ್ಗ್ಯುಮೆಂಟ್ ಒಳಗೇ ಎಣಿಕೆ ಏರಿಸುತ್ತಿದ್ದರು. ಡೀಬಗ್ ಬಿಲ್ಡ್‌ನಲ್ಲಿ ಎಣಿಕೆ ಏರುತ್ತದೆ, ರಿಲೀಸ್ ಬಿಲ್ಡ್‌ನಲ್ಲಿ ಮ್ಯಾಕ್ರೋ ಮಾಯ, ಎಣಿಕೆ ಇದ್ದಲ್ಲೇ ಇರುತ್ತದೆ. ಲಾಗ್ ಹಾಕಿದರೆ ಬಗ್ ಕಾಣೆಯಾಗುತ್ತದೆ, ತೆಗೆದರೆ ಬರುತ್ತದೆ ಅನ್ನುವ ದೂರುಗಳ ಹಿಂದೆ ಇಂಥದ್ದು ಇರುವುದುಂಟು. ಕೊನೆಯ ಎರರ್‌ನ ಸಂಖ್ಯೆ ಇಟ್ಟುಕೊಳ್ಳುವ ಎರ್‌ನೋ ಕಥೆಯೂ ಹೀಗೇ. ಲಾಗ್ ಫಂಕ್ಷನ್ ಒಳಗಿನ ಕರೆಗಳು ಎರ್‌ನೋ ಬದಲಿಸಿಬಿಡುತ್ತವೆ, ಲಾಗ್ ಆದ ಮೇಲೆ ಅದನ್ನು ನೋಡುವ ಕೋಡ್ ದಾರಿ ತಪ್ಪುತ್ತದೆ. ಒಳಗೆ ಬಂದ ತಕ್ಷಣ ಉಳಿಸಿ, ಹೊರಡುವಾಗ ಮರಳಿ ಇಡುವ ಎರಡು ಸಾಲು ಸೇರಿಸಿದರೆ ಸಾಕು.

2021ರ ಡಿಸೆಂಬರ್‌ನ ಲಾಗ್‌ಫೋರ್‌ಶೆಲ್ ಗಲಾಟೆ ಜಾವಾ ಲೋಕದ್ದು, ಅಲ್ಲಿ ಲಾಗರ್ ಸಂದೇಶದೊಳಗಿನ ಪಠ್ಯವನ್ನು ಬಿಡಿಸಲು ಹೋಗಿ ಹೊರಗಿನವರ ಕೋಡ್ ಓಡಿಸಿಬಿಡುತ್ತಿತ್ತು. ಆದರೂ ಅದನ್ನು ಓದಿದ ಮೇಲೆ ನಮ್ಮ ಲಾಗರ್ ಸಂದೇಶದೊಳಗಿನ ಪರಿಸರ ವೇರಿಯಬಲ್‌ಗಳನ್ನು ಬಿಡಿಸುತ್ತಿದ್ದುದು ನೆನಪಾಗಿ, ಅದನ್ನೂ ತೆಗೆದೆ. ಲಾಗರ್ ತನಗೆ ಬಂದ ಪಠ್ಯವನ್ನು ಅರ್ಥ ಮಾಡಿಕೊಳ್ಳಲು ಹೋಗಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಡಿಸ್ಕ್ ತುಂಬಿದಾಗ ಏನಾಗಬೇಕು ಅನ್ನುವುದರ ಮೇಲೆ ತಂಡದಲ್ಲಿ ಚರ್ಚೆಯೇ ನಡೆಯಿತು. ಹಳೆಯ ಕೋಡ್ ಬರೆಯಲು ಆಗದಿದ್ದರೆ ಅದನ್ನೇ ಲಾಗ್ ಮಾಡಲು ಹೋಗಿ ತನ್ನನ್ನೇ ಕರೆದುಕೊಳ್ಳುತ್ತಿತ್ತು. ಈಗ ಸಾಮಾನ್ಯ ಸಂದೇಶಗಳನ್ನು ಕೈಬಿಟ್ಟು ಎಣಿಸಿಟ್ಟುಕೊಳ್ಳುತ್ತೇವೆ, ಜಾಗ ಸಿಕ್ಕಾಗ ಇಷ್ಟು ಸಾಲು ಹೋದವು ಅಂತ ಒಂದು ಸಾಲು ಬರೆಯುತ್ತೇವೆ. ಯಾರು ಯಾವ ಅಧಿಕಾರ ಬಳಸಿದರು ಅನ್ನುವ ಆಡಿಟ್ ಲಾಗ್ ಮಾತ್ರ ಬೇರೆ: ಅದನ್ನು ಬರೆಯಲು ಆಗದಿದ್ದರೆ ಆ ಕೆಲಸವನ್ನೇ ನಿರಾಕರಿಸುತ್ತೇವೆ. ಇದನ್ನು ಪರೀಕ್ಷಿಸಲು ಡಿಸ್ಕ್ ತುಂಬಿಸಬೇಕಿಲ್ಲ. ಲಿನಕ್ಸ್‌ನಲ್ಲಿ ಡೆವ್ ಫೋಲ್ಡರ್‌ನ ಒಳಗೆ ಫುಲ್ ಅನ್ನುವ ಫೈಲ್ ಇದೆ, ಅದಕ್ಕೆ ಏನೇ ಬರೆದರೂ ಜಾಗವಿಲ್ಲ ಅನ್ನುವ ಎರರ್ ಬರುತ್ತದೆ. ಲಾಗ್ ಫೈಲ್ ಅಂತ ಅದನ್ನೇ ಕೊಟ್ಟು ಇಡೀ ಟೆಸ್ಟ್ ಸೂಟ್ ಓಡಿಸುವುದು ಈಗ ಪ್ರತಿ ಬಿಲ್ಡ್‌ನ ಭಾಗ.

ಕಮಿಟ್‌ಗಳನ್ನು ಎರಡು ಬಗೆ ಮಾಡಿ ಕಳಿಸಿದೆ. ಹಳೆಯ ಕರೆಯನ್ನು ಹೊಸ ಹೆಸರಿಗೆ ಬದಲಿಸುವ ಯಾಂತ್ರಿಕ ಕೆಲಸವನ್ನು, ಸಿ ಕೋಡನ್ನು ಮಾದರಿ ಹಿಡಿದು ಬದಲಿಸುವ ಕಾಕ್ಸಿನೆಲ್ ಉಪಕರಣದ ಸ್ಕ್ರಿಪ್ಟ್‌ನಿಂದ ಮಾಡಿಸಿ, ಆ ಸ್ಕ್ರಿಪ್ಟನ್ನೇ ಕಮಿಟ್ ಸಂದೇಶದಲ್ಲಿ ಹಾಕಿದೆ. ಪರಿಶೀಲಿಸುವವರು ತಾವೇ ಓಡಿಸಿ ಹೋಲಿಸಬಹುದು. ನಡವಳಿಕೆ ಬದಲಾಗುವ ಪ್ರತಿಯೊಂದೂ ಬೇರೆ ಕಮಿಟ್, ಅದರ ಜೊತೆಗೇ ಅದರ ಟೆಸ್ಟ್. ಯಾಂತ್ರಿಕ ಕಮಿಟ್‌ಗಳ ಗುರುತನ್ನು ಒಂದು ಫೈಲ್‌ನಲ್ಲಿ ಬರೆದಿಟ್ಟೆವು. ಕೋಡ್‌ನ ಇತಿಹಾಸ ಇಡುವ ಗಿಟ್‌ನಲ್ಲಿ 2.23ನೇ ಆವೃತ್ತಿಯಿಂದ, ಯಾವ ಸಾಲು ಯಾವ ಕಮಿಟ್‌ನಲ್ಲಿ ಬಂತು ಅಂತ ತೋರಿಸುವ ಬ್ಲೇಮ್ ನೋಡುವಾಗ ಅಂಥ ಕಮಿಟ್‌ಗಳನ್ನು ದಾಟಿ ಹೋಗಬಹುದು, ಆ ಸಾಲನ್ನು ನಿಜವಾಗಿ ಯಾರು, ಯಾಕೆ ಬರೆದರು ಅನ್ನುವುದು ಈಗಲೂ ಸಿಗುತ್ತದೆ.

ಹೊರಗಿನ ಲೈಬ್ರರಿಗಳು ಎಸ್‌ಟಿಡಿಇಆರ್‌ಆರ್‌ಗೆ (ಎರರ್ ಸಂದೇಶಗಳು ಹೊರಹೋಗುವ ದಾರಿಗೆ) ನೇರವಾಗಿ ಬರೆಯುವ ಸಾಲುಗಳು ಇನ್ನೂ ಉಳಿದಿವೆ. ಅವುಗಳನ್ನು ಒಂದು ಪೈಪ್‌ನಲ್ಲಿ ಹಿಡಿದು ಅದೇ ಕೊನೆಯ ಬಾಗಿಲಿನ ಮೂಲಕ ಕಳಿಸುವ ಪ್ಯಾಚ್ ಪರಿಶೀಲನೆಯಲ್ಲಿದೆ. ಓದುವ ಕಡೆ ನಿಧಾನವಾಗಿ ಪೈಪ್ ತುಂಬಿಬಿಟ್ಟರೆ ಲೈಬ್ರರಿ ಅಲ್ಲೇ ನಿಂತುಬಿಡುತ್ತದೆ. ಅದಕ್ಕೆ ಸರಿಯಾದ ಟೆಸ್ಟ್ ಬರೆಯುವವರೆಗೂ ನಾನು ಅದನ್ನು ಸೇರಿಸುವುದಿಲ್ಲ.