ಅಲ್ಯೂಮಿನಿಯಂ ದೋಣಿಯ ಹಿಂಬದಿ ಹಲಗೆ ಬದಲಿಸುವ ಮುಂಚೆ

ಕೊಡಗಿನ ಹಾರಂಗಿ ಹಿನ್ನೀರಿನ ಕಡೆ ಸಣ್ಣ ಅಲ್ಯೂಮಿನಿಯಂ ದೋಣಿ ಇಟ್ಟವರಿಗೆ: ಮೋಟಾರ್ ಕೂರಿಸುವ ಹಿಂಬದಿ ಹಲಗೆ ಕೊಳೆತಿದ್ದರೆ, ಹೊಸ ಹಲಗೆಗೆ ಬೋಲ್ಟ್ ಅಳತೆಯ ತೂತು ನೇರವಾಗಿ ಕೊರೆಯಬೇಡಿ. ಐಎಸ್ 710 ಗುರುತಿನ (ಭಾರತೀಯ ಮಾನಕದ) ಮೆರೀನ್ ಪ್ಲೈವುಡ್, ಅಂದರೆ ನೀರು ತಡೆಯುವ ಪ್ಲೈವುಡ್ ತನ್ನಿ. 8 ಮಿ.ಮೀ. ಬೋಲ್ಟ್‌ಗೆ 12 ಮಿ.ಮೀ. ತೂತು ಕೊರೆದು, ಒಂದು ಬದಿಗೆ ಟೇಪ್ ಅಂಟಿಸಿ, ಎಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು) ತುಂಬಿ. ಪೂರ್ತಿ ಗಟ್ಟಿಯಾದ ಮೇಲೆ ಅದರ ನಡುವೆ 8ರ ತೂತು ಮಾಡಿ. ನೀರು ಹಲಗೆಯ ಮುಖಕ್ಕಿಂತ ತೂತು, ಅಂಚುಗಳಿಂದಲೇ ಜಾಸ್ತಿ ಇಳಿಯುತ್ತದೆ. ಹೀಗೆ ಮಾಡಿದರೆ ಬೋಲ್ಟ್‌ಗೆ ಮರ ತಾಗುವುದೇ ಇಲ್ಲ, ಸುತ್ತ ಎಪಾಕ್ಸಿ ಬಳೆ ಇರುತ್ತದೆ. ಅಂಚುಗಳಿಗೂ, ಮರ ಹೀರುವುದು ನಿಲ್ಲುವವರೆಗೆ ಎಪಾಕ್ಸಿ ಬಳಿಯಿರಿ. ಹಳೆ ಹಲಗೆ ಪುಡಿಪುಡಿಯಾಗಿದ್ದರೂ ಸುಮ್ನೆ ಬಿಸಾಡಬೇಡಿ, ಅಳತೆಗೆ ಬೇಕು. ಕಾಫಿ ತೋಟದವರ ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ, ಅಲ್ವಾ? ಕೊಳೆಯದಿರಲಿ ಅಂತ ಅದನ್ನು ಹಲಗೆಗೆ ಬಳಿಯಲೇಬೇಡಿ. ಅದರಲ್ಲಿರುವ ತಾಮ್ರ ಅಲ್ಯೂಮಿನಿಯಂ ತಗಡನ್ನೇ ತಿನ್ನುತ್ತದೆ. ನಮ್ಮ ಮಳೆಗಾಲದಲ್ಲಿ ಈ ಕೆಲಸ ಕೈಗೂಡುವುದು ಕಷ್ಟ. ತೇವ ಹಿಡಿದ ಪ್ಲೈವುಡ್‌ಗೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ, ಹಿಡಿದರೂ ತೇವ ಒಳಗೇ ಉಳಿಯುತ್ತದೆ. ಬೇಸಿಗೆಯಲ್ಲಿ ಮಾಡಿ. ತಗಡೇ ಬಿರುಕು ಬಿಟ್ಟಿದ್ದರೆ ಮೊದಲು ಅಲ್ಯೂಮಿನಿಯಂ ವೆಲ್ಡಿಂಗ್ ಗೊತ್ತಿರುವವರಿಗೆ ತೋರಿಸಿ, ಹಲಗೆ ಆಮೇಲೆ.